ನೋಡಲು ಹೊತ್ತು ಕೊಡಿ: ಚಿತ್ರಕಲಾ ಶಿಕ್ಷಕರಿಗೊಂದು ಬಹಿರಂಗ ಪತ್ರ

ಪ್ರಿಯ ಚಿತ್ರಕಲಾ ಶಿಕ್ಷಕ-ಶಿಕ್ಷಕಿಯರೇ,

ವಾರದ ವೇಳಾಪಟ್ಟಿಯಲ್ಲಿ ನಿಮ್ಮ ಪೀರಿಯಡ್ ಎಲ್ಲಿ ಬೀಳುತ್ತದೆ ಎಂಬುದು ನನಗೆ ಗೊತ್ತು. ಮಧ್ಯಾಹ್ನದ ಊಟವಾದ ಮೇಲೆ, ಮಕ್ಕಳ ಕಣ್ಣು ಎಳೆಯುವ ಹೊತ್ತಿಗೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತೆಂದರೆ ಅದನ್ನೂ ಗಣಿತದವರಿಗೆ ಬಿಟ್ಟುಕೊಡಬೇಕು. ವಾರ್ಷಿಕೋತ್ಸವದ ಬ್ಯಾನರ್ ಬರೆಯುವಾಗ, ಅತಿಥಿಗಳ ಸ್ವಾಗತಕ್ಕೆ ರಂಗೋಲಿ ಹಾಕಿಸುವಾಗ ಮಾತ್ರ ಎಲ್ಲರಿಗೂ ನಿಮ್ಮ ನೆನಪಾಗುತ್ತದೆ. ಇಂಥ ಸ್ಥಿತಿಯಲ್ಲಿರುವ ನಿಮ್ಮ ಮೇಲೆ ಇನ್ನೊಂದು ಹೊರೆ ಹೊರಿಸಲು ನಾನು ಈ ಪತ್ರ ಬರೆಯುತ್ತಿಲ್ಲ.

ನಾನು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು. ಮನುಷ್ಯರು ಹೇಗೆ ನೋಡುತ್ತಾರೆ, ನೋಡಿದ್ದನ್ನು ಚೆಂದವೆಂದು ಹೇಗೆ ತೀರ್ಮಾನಿಸುತ್ತಾರೆ ಎಂಬುದರ ಬಗ್ಗೆ ನಮ್ಮ ಶಾಸ್ತ್ರ ಸುಮಾರು ಒಂದೂವರೆ ಶತಮಾನದಿಂದ ಪ್ರಯೋಗ ನಡೆಸುತ್ತ ಬಂದಿದೆ. ಅದರ ಫಲವನ್ನು ಜಾಹೀರಾತಿನವರು ಬಳಸಿಕೊಂಡಿದ್ದಾರೆ, ಮೊಬೈಲ್ ತಯಾರಿಸುವವರು ಬಳಸಿಕೊಂಡಿದ್ದಾರೆ. ಅದು ಎಲ್ಲರಿಗಿಂತ ಮೊದಲು ಸೇರಬೇಕಾಗಿದ್ದ ನಿಮ್ಮ ಕೋಣೆಗೆ ಮಾತ್ರ ಸರಿಯಾಗಿ ಬಂದಿಲ್ಲ. ಬಂದಿದ್ದರೂ ಸುವರ್ಣ ಅನುಪಾತದಂಥ ಒಂದೆರಡು ಅರ್ಧಸತ್ಯಗಳಾಗಿ ಬಂದಿದೆ. ನನ್ನ ಕೋರಿಕೆ ಇಷ್ಟೇ: ಬಿಡಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ನೋಡುವುದನ್ನೂ ಕಲಿಸಿ. ಅದಕ್ಕೆ ಹೊತ್ತು ಕೊಡಿ, ಪ್ರಶ್ನೆ ಕೊಡಿ. ಚೆನ್ನಾಗಿದೆಯೋ ಇಲ್ಲವೋ ಎಂಬ ತೀರ್ಪನ್ನು ಕೊನೆಗೆ ಇಡಿ.

ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವಲ್ಲಿಂದಲೇ ಶುರು ಮಾಡುತ್ತೇನೆ. ಮೇಜಿನ ಮೇಲೆ ಹಿತ್ತಾಳೆ ಚೊಂಬು ಇಟ್ಟು ವಸ್ತುಚಿತ್ರ ಬಿಡಿಸಲು ಹೇಳುತ್ತೀರಿ. ಎರಡನೇ ಬೆಂಚಿನ ಹುಡುಗಿ ಕೂತ ಜಾಗದಿಂದ ಚೊಂಬಿನ ಬಾಯಿ ತೆಳುವಾದ ದೀರ್ಘವೃತ್ತ. ಕೈಚಾಚಿ ಪೆನ್ಸಿಲ್ ಹಿಡಿದು ಅಳೆದರೆ ಅಗಲದ ಐದನೇ ಒಂದು ಪಾಲೂ ಎತ್ತರವಿಲ್ಲ. ಆದರೆ ಅವಳ ಹಾಳೆಯ ಮೇಲೆ ಆ ಬಾಯಿ ಹೆಚ್ಚುಕಡಿಮೆ ದುಂಡಗೆ, ಒಳಗಿನ ನೀರು ಕಾಣುವಷ್ಟು ತೆರೆದುಕೊಂಡಿದೆ. ತಳ ಮಾತ್ರ ಸ್ಕೇಲಿಟ್ಟು ಎಳೆದಂತೆ ನೆಟ್ಟಗಿದೆ. ಬಾಯಿಯನ್ನು ಮೇಲಿನಿಂದ, ತಳವನ್ನು ನೇರ ಎದುರಿನಿಂದ ನೋಡಿ ಎರಡನ್ನೂ ಒಂದೇ ಚೊಂಬಿಗೆ ಜೋಡಿಸಿದ ಹಾಗಿದೆ. ನೀವು ಕೆಂಪು ಪೆನ್ನಿನಲ್ಲಿ ತಿದ್ದುತ್ತೀರಿ. ಮುಂದಿನ ವಾರ ಮತ್ತೆ ಅದೇ ದುಂಡು ಬಾಯಿ.

ಇದನ್ನು ಅಳತೆಗೆ ಒಳಪಡಿಸಿದವರು ಗ್ಲಾಸ್ಗೋದಲ್ಲಿದ್ದ ಮನಶ್ಶಾಸ್ತ್ರಜ್ಞ ರಾಬರ್ಟ್ ಥೌಲೆಸ್. 1931ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹಳ ಸರಳ. ವೃತ್ತಾಕಾರದ ಬಿಲ್ಲೆಯೊಂದನ್ನು ಓರೆಯಿಂದ ಕಾಣುವಂತೆ ಇಟ್ಟು, ನಿಮಗೆ ಕಾಣುತ್ತಿರುವ ಆಕಾರ ಯಾವುದು ತೋರಿಸಿ ಎಂದು ಕೇಳಿದರು. ಕಣ್ಣಿನ ಪರದೆಯ ಮೇಲೆ ಬಿದ್ದದ್ದು ತೆಳು ದೀರ್ಘವೃತ್ತ, ವಸ್ತುವಿನ ನಿಜ ಆಕಾರ ಪೂರ್ಣ ವೃತ್ತ. ಜನ ತೋರಿಸಿದ್ದು ಇವೆರಡರ ನಡುವಿನದು, ವೃತ್ತದ ಕಡೆಗೆ ವಾಲಿದ್ದು. ನೋಡುವವರಿಗೆ ಬಿಲ್ಲೆ ಓರೆಯಾಗಿದೆ ಎಂಬುದು ಗೊತ್ತಿತ್ತು, ಆದರೂ ಹಾಗೇ ಆಯಿತು. ಮಿದುಳಿಗೆ ಬೇಕಾಗಿರುವುದು ವಸ್ತು; ಅದು ಈ ಕ್ಷಣ ಈ ಕೋನದಿಂದ ಕಣ್ಣಿಗೆ ಎಸೆಯುವ ಆಕಾರವಲ್ಲ. ನಾವು ಚೊಂಬಿನ ಸುತ್ತ ನಡೆದಾಡಿದರೆ ಆ ಆಕಾರ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಚೊಂಬು ಬದಲಾಗುವುದಿಲ್ಲ. ಬದಲಾಗುವುದನ್ನು ಬದಿಗೊತ್ತಿ ಬದಲಾಗದ್ದನ್ನು ಹಿಡಿದುಕೊಳ್ಳುವುದೇ ದೃಷ್ಟಿಯ ಕೆಲಸ. ಆ ಹುಡುಗಿ ನಿಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳದೆ ದುಂಡಗೆ ಬಿಡಿಸಿದ್ದಲ್ಲ. ಅವಳಿಗೆ ಅದು ದುಂಡಗೇ ಕಂಡಿದೆ. ಅವಳ ಕಣ್ಣು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಪುರಾವೆ.

ಕೆಂಪು ಪೆನ್ನು ಎತ್ತುವ ಮೊದಲು ಇದನ್ನು ಮಕ್ಕಳಿಗೆ ಹೇಳಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಚೊಂಬಿನ ಮುಂದೆ ಒಬ್ಬೊಬ್ಬರನ್ನೇ ಮಂಡಿಯೂರಿಸಿ, ಬಾಯಿಯ ಅಂಚು ಒಂದು ಗೆರೆಯಾಗುವ ತನಕ ತಲೆ ತಗ್ಗಿಸಲು ಹೇಳಿ. ಆಮೇಲೆ ನಿಧಾನವಾಗಿ ಎದ್ದು ನಿಲ್ಲಲಿ, ಆ ಗೆರೆ ಹೊಟ್ಟೆ ಬಿಚ್ಚಿಕೊಂಡು ದುಂಡಗಾಗುವುದನ್ನು ಕಾಣಲಿ. ಒಂದು ಕಣ್ಣು ಮುಚ್ಚಿ ಪೆನ್ಸಿಲಿನಿಂದ ಅಳೆಯಿರಿ ಎಂದು ನೀವು ಹೇಳಿಕೊಡುವ ಉಪಾಯಕ್ಕೂ ಇದೇ ಆಧಾರ. ಒಂದು ಕಣ್ಣು ಮುಚ್ಚಿದಾಗ ಆಳದ ಸುಳಿವು ಕಡಿಮೆಯಾಗುತ್ತದೆ, ವಸ್ತುವಿನ ಹಿಡಿತ ಸ್ವಲ್ಪ ಸಡಿಲವಾಗಿ ಆಕಾರ ಎದ್ದು ಕಾಣುತ್ತದೆ. ಕಾರಣ ತಿಳಿದ ಮಗು ಆ ಉಪಾಯವನ್ನು ಪರೀಕ್ಷೆ ಮುಗಿದ ಮೇಲೂ ಕೈಬಿಡುವುದಿಲ್ಲ.

ಥೌಲೆಸ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1933ರ ಲೇಖನವೊಂದರಲ್ಲಿ ಅವರು ಭಾರತೀಯ ವಿದ್ಯಾರ್ಥಿಗಳನ್ನೂ ಬ್ರಿಟಿಷ್ ವಿದ್ಯಾರ್ಥಿಗಳನ್ನೂ ಹೋಲಿಸಿ, ವೃತ್ತದ ಕಡೆಗಿನ ಈ ವಾಲಿಕೆ ಭಾರತೀಯರಲ್ಲಿ ಹೆಚ್ಚು ಎಂದು ಕಂಡುಕೊಂಡರು. ಅದನ್ನು ಜನಾಂಗದ ವ್ಯತ್ಯಾಸವೆಂದು ಕರೆದರು. ಪೂರ್ವದೇಶಗಳ ಚಿತ್ರಗಳಲ್ಲಿ ಪರ್ಸ್ಪೆಕ್ಟಿವ್ ಇಲ್ಲದಿರುವುದಕ್ಕೆ ಇದೇ ಕಾರಣವಿರಬಹುದು ಎಂಬಲ್ಲಿಯವರೆಗೆ ಹೋದರು. ಅಳತೆಯನ್ನು ನಾನು ಗೌರವಿಸುತ್ತೇನೆ, ಆ ತೀರ್ಮಾನವನ್ನು ಒಪ್ಪುವುದಿಲ್ಲ. ಮೈಸೂರು ಶೈಲಿಯ ಕಲಾವಿದರು ದೇವರ ಮುಂದಿನ ತಟ್ಟೆಯನ್ನು ದುಂಡಗೆ ತೋರಿಸಿದರೆ ಅದು ಕಣ್ಣಿನ ಕೊರತೆಯಲ್ಲ. ತಟ್ಟೆಯಲ್ಲಿ ಇಟ್ಟದ್ದೆಲ್ಲ ಕಾಣಬೇಕು ಎಂಬ ಆಯ್ಕೆ. ಥೌಲೆಸ್ ಅವರೇ ಚಿತ್ರಕಲೆಯ ತರಬೇತಿ ಪಡೆದವರಲ್ಲಿ ಈ ವಾಲಿಕೆ ಕಡಿಮೆ ಎಂದು ಗಮನಿಸಿದ್ದರು. ನಂತರ ಬಂದ ಪ್ರಯೋಗಗಳು ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಆದರೂ ತರಬೇತಿಯಿಂದ ಬದಲಾಗಬಹುದಾದದ್ದನ್ನು ಜನಾಂಗದ ಲೆಕ್ಕಕ್ಕೆ ಬರೆಯುವುದು ಎಷ್ಟು ಅವಸರದ ಕೆಲಸ ಎಂಬುದು ಅವರ ಕೆಲಸದೊಳಗಿಂದಲೇ ಕಾಣುತ್ತದೆ. ನಿಮ್ಮ ತರಗತಿಯಲ್ಲಿ ಚಿತ್ತಾರ ಹಸೆಯ ಗೆರೆಗಳನ್ನು ಮನೆಯಲ್ಲಿ ಕಲಿತು ಬಂದ ಮಗುವಿದ್ದರೆ, ಅದರ ಚಪ್ಪಟೆ ಚಿತ್ರವನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ. ವಸ್ತುಚಿತ್ರ ಒಂದು ಭಾಷೆ, ಅದು ಇನ್ನೊಂದು ಭಾಷೆ. ಎರಡನ್ನೂ ಬಲ್ಲ ಮಗು ಹೆಚ್ಚು ಬಲ್ಲ ಮಗು.

ನೋಡುವುದರಲ್ಲಿ ಎಷ್ಟು ಪಾಲು ಹುಟ್ಟಿನಿಂದ ಬಂದದ್ದು, ಎಷ್ಟು ಕಲಿತದ್ದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನಿಗಳು ನಮ್ಮ ನೆರೆಗೂ ಬಂದಿದ್ದರು. ಡಬ್ಲ್ಯೂ.ಎಚ್.ಆರ್. ರಿವರ್ಸ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ನೀಲಗಿರಿಯ ತೋಡರ ನಡುವೆ ಇದ್ದು ಅವರ ದೃಷ್ಟಿಯನ್ನು ಪರೀಕ್ಷಿಸಿದರು, 1905ರಲ್ಲಿ ಅದನ್ನು ಪ್ರಕಟಿಸಿದರು. ಒಂದೇ ಉದ್ದದ ಎರಡು ಗೆರೆಗಳು, ತುದಿಯ ಬಾಣಗಳು ಒಂದರಲ್ಲಿ ಒಳಮುಖ, ಇನ್ನೊಂದರಲ್ಲಿ ಹೊರಮುಖ. ಒಂದು ಉದ್ದವಾಗಿ, ಇನ್ನೊಂದು ಗಿಡ್ಡವಾಗಿ ಕಾಣುತ್ತದಲ್ಲ, ಆ ಮ್ಯೂಲರ್-ಲೈಯರ್ ಭ್ರಮೆಗೆ ತೋಡರು ಇಂಗ್ಲಿಷರಿಗಿಂತ ಕಡಿಮೆ ಒಳಗಾಗಿದ್ದರು. 1966ರಲ್ಲಿ ಸೀಗಲ್, ಕ್ಯಾಂಬೆಲ್, ಹರ್ಸ್ಕೊವಿಟ್ಸ್ ಎಂಬ ಮೂವರು ಹಲವು ದೇಶಗಳ ದತ್ತಾಂಶ ಸೇರಿಸಿ, ಚೌಕ ಮೂಲೆಗಳ ಮನೆಗಳಲ್ಲಿ ಬೆಳೆದವರಿಗೆ ಈ ಭ್ರಮೆ ಹೆಚ್ಚು ಎಂದು ವಾದಿಸಿದರು. ತೋಡರ ಹಳೆಯ ಮನೆ ಕಮಾನಿನಂತೆ ಬಾಗಿದ್ದು ಎಂಬುದನ್ನು ನೆನೆದರೆ ಆ ವಾದ ಮನಸ್ಸಿಗೆ ಹಿಡಿಸುತ್ತದೆ.

ಆದರೆ ಮನಸ್ಸಿಗೆ ಹಿಡಿಸಿದ್ದೆಲ್ಲ ನಿಲ್ಲುವುದಿಲ್ಲ. ಎಂಐಟಿಯ ಪ್ರಾಧ್ಯಾಪಕ ಪವನ್ ಸಿನ್ಹಾ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದ ಕಣ್ಣಿನ ಪೊರೆಯಿಂದ ಕುರುಡಾಗಿದ್ದ ಮಕ್ಕಳನ್ನು ಹುಡುಕಿ, ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತ ಬಂದಿದೆ. ಹೀಗೆ ಕಣ್ಣು ಬಂದ ಮಕ್ಕಳಿಗೆ ಕೆಲವೇ ದಿನಗಳೊಳಗೆ ಈ ಬಾಣದ ಗೆರೆಗಳನ್ನು ತೋರಿಸಿದಾಗ ಅವರಿಗೂ ಭ್ರಮೆ ಆಗಲೇ ಆಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು. ಮನೆಯ ಮೂಲೆಗಳನ್ನು ನೋಡಿ ಕಲಿಯಲು ಅವರಿಗೆ ಅವಕಾಶವೇ ಇರಲಿಲ್ಲ. ಅಂದರೆ ಈ ಭ್ರಮೆಯಲ್ಲಿ ಒಂದು ಪಾಲಾದರೂ ಕಲಿಕೆಯಿಂದ ಬಂದದ್ದಲ್ಲ.

ಇದೇ ಯೋಜನೆಯ ಇನ್ನೆರಡು ಫಲಿತಾಂಶಗಳು ನನ್ನನ್ನು ಇಂದಿಗೂ ಕಾಡುತ್ತವೆ. 2011ರ ಅಧ್ಯಯನದಲ್ಲಿ, 8ರಿಂದ 17 ವರ್ಷದ ಐದು ಮಕ್ಕಳು ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಹೊಸ ಕಣ್ಣಿನಿಂದ ನೋಡಿ ಗುರುತಿಸಲಾರದೆ ಹೋದರು. ಕೆಲವೇ ದಿನಗಳಲ್ಲಿ ಗುರುತಿಸತೊಡಗಿದರು. 2009ರ ಅಧ್ಯಯನ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು. ಒಂದರ ಮೇಲೊಂದು ಹಾಯ್ದ ಚೌಕ ಮತ್ತು ವೃತ್ತವನ್ನು ತೋರಿಸಿದರೆ, ಹೊಸದಾಗಿ ಕಣ್ಣು ಬಂದವರಿಗೆ ಅಲ್ಲಿ ಎರಡು ಆಕಾರಗಳು ಕಾಣಲಿಲ್ಲ. ಗೆರೆಗಳು ಕತ್ತರಿಸಿಕೊಂಡು ಉಂಟಾದ ಒಂದೊಂದು ತುಂಡೂ ಒಂದೊಂದು ವಸ್ತುವಾಗಿ ಕಂಡಿತು. ಆಕಾರಗಳನ್ನು ಚಲಿಸುವಂತೆ ಮಾಡಿದಾಗ ಯಾವ ತುಂಡು ಯಾವುದರ ಜತೆ ಸೇರಿದ್ದು ಎಂದು ಹೊಳೆಯಿತು. ಯಾವುದು ಯಾವುದಕ್ಕೆ ಸೇರಿದ್ದು ಎಂಬ ಈ ಲೆಕ್ಕವನ್ನು ನಾವೆಲ್ಲ ಎಳವೆಯಲ್ಲೇ ಕಲಿತು ಮರೆತಿದ್ದೇವೆ. ಚಿತ್ರ ಬಿಡಿಸಲು ಕೂತ ಮಗು ಆ ಮರೆತದ್ದನ್ನು ಮತ್ತೆ ಎಚ್ಚರದಿಂದ ಮಾಡಬೇಕು: ಹೂಜಿಯ ನೆರಳು ಎಲ್ಲಿ ಮುಗಿದು ಮೇಜಿನ ಬಟ್ಟೆ ಎಲ್ಲಿ ಶುರುವಾಗುತ್ತದೆ, ಒಂದು ಎಲೆಯ ಅಂಚು ಇನ್ನೊಂದರ ಹಿಂದೆ ಎಲ್ಲಿ ಮರೆಯಾಗುತ್ತದೆ. ಅದು ತಡವರಿಸಿದರೆ ದಡ್ಡತನವೆಂದುಕೊಳ್ಳಬೇಡಿ. ಕಷ್ಟದ ಕೆಲಸವದು.

ಇನ್ನು ಸುವರ್ಣ ಅನುಪಾತಕ್ಕೆ ಬರುತ್ತೇನೆ. ಅದು ಸುಮಾರು 1.618. ಕಲಾ ಕಾರ್ಯಾಗಾರಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ವಿಡಿಯೊಗಳಲ್ಲಿ ಇದನ್ನು ಸೌಂದರ್ಯದ ನಿಯಮವೆಂದು, ಅದೂ ವಿಜ್ಞಾನ ಸಾಬೀತುಪಡಿಸಿದ ನಿಯಮವೆಂದು ಹೇಳುತ್ತಾರೆ. ಆ ಸಾಬೀತಿನ ಹಿಂದೆ ಇರುವವರು ಜರ್ಮನಿಯ ಲೈಪ್‌ಜಿಗ್‌ನ ಗುಸ್ಟಾಫ್ ಫೆಕ್ನರ್ (1801–1887). ಮೂಲತಃ ಭೌತಶಾಸ್ತ್ರದ ಪ್ರಾಧ್ಯಾಪಕ. ಬಣ್ಣದ ಗಾಜಿನ ಮೂಲಕ ಸೂರ್ಯನನ್ನು ನೋಡಿ ಕಣ್ಣಿನಲ್ಲಿ ಉಳಿಯುವ ಬಿಂಬಗಳನ್ನು ಅಧ್ಯಯನ ಮಾಡುತ್ತ ದೃಷ್ಟಿಯನ್ನೇ ಕೆಡಿಸಿಕೊಂಡು, ಮೂರು ವರ್ಷದಷ್ಟು ಕಾಲ ಬೆಳಕಿಗೆ ಹೆದರಿ ಕತ್ತಲ ಕೋಣೆಯಲ್ಲಿದ್ದು, 1843ರಲ್ಲಿ ಚೇತರಿಸಿಕೊಂಡವರು. ಸೌಂದರ್ಯವನ್ನು ತತ್ತ್ವಜ್ಞಾನಿಗಳ ಸೂತ್ರಗಳಿಂದ ಕೆಳಗಿಳಿಸುವ ಬದಲು, ಸಾಮಾನ್ಯ ಜನರ ಆಯ್ಕೆಗಳಿಂದ ಮೇಲಕ್ಕೆ ಕಟ್ಟಬೇಕು ಎಂದು ಮೊದಲು ಹಟ ಹಿಡಿದವರು ಅವರೇ. 1876ರ ಅವರ ಸೌಂದರ್ಯಶಾಸ್ತ್ರದ ಗ್ರಂಥದಿಂದ ನಮ್ಮ ಈ ಶಾಖೆ ಶುರುವಾಗುತ್ತದೆ.

ಫೆಕ್ನರ್ ಒಂದೇ ವಿಸ್ತೀರ್ಣದ ಹತ್ತು ಬಿಳಿ ಆಯತಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಹರಡಿದರು. ಒಂದು ತುದಿಯಲ್ಲಿ ಪೂರ್ಣ ಚೌಕ, ಇನ್ನೊಂದು ತುದಿಯಲ್ಲಿ 5:2ರ ಉದ್ದನೆಯ ಪಟ್ಟಿ. ಇವುಗಳಲ್ಲಿ ಹೆಚ್ಚು ಹಿತವೆನಿಸುವುದು ಯಾವುದು, ಅಹಿತವೆನಿಸುವುದು ಯಾವುದು ಎಂದು ಕೇಳಿದರು. ಶೇ 35ರಷ್ಟು ಜನ 34:21ರ ಆಯತವನ್ನು, ಅಂದರೆ ಸುವರ್ಣ ಅನುಪಾತದ್ದನ್ನು, ಆರಿಸಿದರು. ಅಕ್ಕಪಕ್ಕದ ಎರಡನ್ನೂ ಸೇರಿಸಿದರೆ ನಾಲ್ಕರಲ್ಲಿ ಮೂರು ಪಾಲು ಜನ. ವಿಡಿಯೊಗಳು ಇಲ್ಲಿಗೆ ನಿಲ್ಲುತ್ತವೆ. ಫೆಕ್ನರ್ ನಿಲ್ಲಲಿಲ್ಲ. ಗ್ಯಾಲರಿಗಳಲ್ಲಿದ್ದ ಸಾವಿರಾರು ವರ್ಣಚಿತ್ರಗಳ ಅಳತೆಗಳನ್ನು ಕಲೆಹಾಕಿ ನೋಡಿದರು. ಅವು ಸುವರ್ಣ ಅನುಪಾತಕ್ಕಿಂತ ಬಹಳ ಗಿಡ್ಡ, 4:3 ಅಥವಾ 5:4ರ ಹತ್ತಿರದವು. ದೊಡ್ಡ ಕಲಾವಿದರು ಆ ನಿಯಮವನ್ನು ಪಾಲಿಸಿರಲಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಒಂದು ಶತಮಾನದ ನಂತರ, 1974ರಲ್ಲಿ, ಗಾಡ್ಕೆವಿಚ್ ಎಂಬ ಸಂಶೋಧಕ ಆಯತಗಳ ಸರಣಿಯ ಎರಡು ತುದಿಗಳನ್ನೇ ಬದಲಿಸಿ ನೋಡಿದ. ಸುವರ್ಣ ಆಯತ ಸರಣಿಯ ನಡುವಿನಲ್ಲಿ ಇರದಂತೆ ಮಾಡಿದಾಗ ಅದರ ಮೇಲಿನ ಒಲವೂ ಉಳಿಯಲಿಲ್ಲ. ಜನರ ಆಯ್ಕೆಯಲ್ಲಿ ನಡುವಿನ ಸ್ಥಾನಕ್ಕೂ ಪಾಲಿತ್ತು. 1980ರಲ್ಲಿ ಲಂಡನ್ನಿನ ಕ್ರಿಸ್ ಮೆಕ್‌ಮ್ಯಾನಸ್ ಇನ್ನೂ ಮುಖ್ಯವಾದದ್ದನ್ನು ತೋರಿಸಿದರು. ಒಬ್ಬೊಬ್ಬ ವ್ಯಕ್ತಿಗೂ ಆಯತಗಳ ಬಗ್ಗೆ ಗಟ್ಟಿಯಾದ ಒಲವು ಇದೆ, ಮತ್ತೆ ಕೇಳಿದರೂ ಅದು ಹೆಚ್ಚು ಬದಲಾಗುವುದಿಲ್ಲ. ಆದರೆ ಒಬ್ಬರದು ಇನ್ನೊಬ್ಬರಂತಿಲ್ಲ. ಒಬ್ಬರಿಗೆ ಚೌಕ ಹಿತ, ಒಬ್ಬರಿಗೆ ಉದ್ದನೆಯದು. ಎಲ್ಲರದನ್ನೂ ಕೂಡಿಸಿ ಸರಾಸರಿ ತೆಗೆದಾಗ ನಡುವೆಲ್ಲೋ ಒಂದು ಮೆಲ್ಲನೆಯ ಉಬ್ಬು ಕಾಣುತ್ತದೆ, ಅಷ್ಟೇ. ಆ ಉಬ್ಬನ್ನು ನಿಯಮ ಮಾಡಿ ಮಗುವಿನ ಕೈಗೆ ಸ್ಕೇಲು ಕೊಟ್ಟರೆ, ಚೌಕವನ್ನು ನಿಜವಾಗಿ ಪ್ರೀತಿಸುವ ಮಗುವಿಗೆ ನಾವು ಅನ್ಯಾಯ ಮಾಡುತ್ತೇವೆ. ಸುವರ್ಣ ಅನುಪಾತವನ್ನು ಗಣಿತದ ಸೊಗಸಾಗಿ ಕಲಿಸಿ, ಖಂಡಿತ ಕಲಿಸಿ. ಸೌಂದರ್ಯದ ಕಾನೂನು ಎಂದು ಕಲಿಸಬೇಡಿ.

ಫೆಕ್ನರ್ ಅವರ ಇನ್ನೊಂದು ಪ್ರಯೋಗ ವಿಫಲವಾಯಿತು. ಆ ಸೋಲು ನನಗೆ ಆಯತಗಳ ಗೆಲುವಿಗಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಹಾನ್ಸ್ ಹೋಲ್‌ಬೈನ್ ಬಿಡಿಸಿದ ಒಂದೇ ಮಡೋನಾ ಚಿತ್ರದ ಎರಡು ಪ್ರತಿಗಳು ಇದ್ದವು, ಒಂದು ಡ್ರೆಸ್ಡೆನ್‌ನಲ್ಲಿ, ಒಂದು ಡಾರ್ಮ್‌ಸ್ಟಾಟ್‌ನಲ್ಲಿ. ಮೂಲ ಯಾವುದು, ನಕಲು ಯಾವುದು ಎಂದು ಪಂಡಿತರು ಜಗಳವಾಡುತ್ತಿದ್ದರು. 1871ರಲ್ಲಿ ಎರಡನ್ನೂ ಡ್ರೆಸ್ಡೆನ್‌ನಲ್ಲಿ ಅಕ್ಕಪಕ್ಕ ತೂಗುಹಾಕಿದಾಗ ಫೆಕ್ನರ್ ಅಲ್ಲಿ ಒಂದು ಪುಸ್ತಕ ಇಟ್ಟು, ಯಾವುದು ಹೆಚ್ಚು ಚೆಂದ ಎಂದು ಬರೆಯುವಂತೆ ಬಂದವರನ್ನು ಕೇಳಿಕೊಂಡರು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಬಂದರು. ಬರೆದವರು 113. ಅವರಲ್ಲೂ ಹಲವರು ಸೂಚನೆಯನ್ನು ಪಾಲಿಸಿರಲಿಲ್ಲ. ಡಾರ್ಮ್‌ಸ್ಟಾಟ್‌ನದೇ ಮೂಲ, ಡ್ರೆಸ್ಡೆನ್‌ನದು ಹದಿನೇಳನೇ ಶತಮಾನದ ನಕಲು ಎಂದು ಕಲಾ ಇತಿಹಾಸಕಾರರು ತೀರ್ಮಾನಿಸಿದ್ದು ಬೇರೆ ಪುರಾವೆಗಳಿಂದ.

ಆ ಹನ್ನೊಂದು ಸಾವಿರ ಜನರಿಗೆ ಅಭಿಪ್ರಾಯವೇ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ಪ್ರಶ್ನೆ ಅವರ ಮುಂದೆ ಬಂದ ರೀತಿಯೇ ಸರಿಯಿರಲಿಲ್ಲ. ಚಿತ್ರದ ಎದುರು ನಿಂತ ಕೂಡಲೇ ತೀರ್ಪು ಬರೆದುಕೊಡಿ ಎಂದರೆ ಜನ ಹಿಂಜರಿದು ಸರಿದುಹೋಗುತ್ತಾರೆ. ನಿಮ್ಮ ತರಗತಿಯಲ್ಲಿ ಚಿತ್ರವೊಂದನ್ನು ಎತ್ತಿ ಹಿಡಿದು ಹೇಗಿದೆ ಎಂದು ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ ಚೆನ್ನಾಗಿದೆ ಎಂದು ಕೂಗುತ್ತಾರಲ್ಲ, ಅದೂ ಸರಿದುಹೋಗುವ ಇನ್ನೊಂದು ಬಗೆಯೇ. ಆ ಒಂದು ಮಾತಿನೊಡನೆ ನೋಡುವ ಕೆಲಸ ಮುಗಿದಂತಾಗುತ್ತದೆ.

ಹಾಗಿದ್ದರೆ ಏನು ಕೇಳಬೇಕು? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಮಾಸ್ಕೋದ ಆಲ್ಫ್ರೆಡ್ ಯಾರ್ಬಸ್ ಅವರದು. ಕೈ ಚಾಚಿ ಹೆಬ್ಬೆರಳು ನಿಲ್ಲಿಸಿ ಉಗುರನ್ನು ನೋಡಿ. ನಮ್ಮ ಕಣ್ಣು ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರರಷ್ಟು ಸಲ ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯುತ್ತ ಚಿತ್ರವನ್ನು ಕೂಡಿಸಿಕೊಳ್ಳುತ್ತದೆ. ಯಾರ್ಬಸ್ ಈ ನೆಗೆತಗಳನ್ನು ದಾಖಲಿಸಲು ಕಣ್ಣುಗುಡ್ಡೆಗೇ ಅಂಟುವ ಪುಟ್ಟ ಸಾಧನ ಮಾಡಿಕೊಂಡರು. ಆಮೇಲೆ ಇಲ್ಯಾ ರೇಪಿನ್ ಅವರ ಪ್ರಸಿದ್ಧ ಚಿತ್ರವೊಂದನ್ನು ಒಬ್ಬನೇ ವ್ಯಕ್ತಿಗೆ ಏಳು ಸಲ, ಸಲಕ್ಕೆ ಮೂರು ನಿಮಿಷ ತೋರಿಸಿದರು. ಗಡೀಪಾರಾಗಿದ್ದವನು ಯಾರೂ ಎದುರುನೋಡದ ಹೊತ್ತಿನಲ್ಲಿ ಮನೆಯೊಳಗೆ ಕಾಲಿಟ್ಟ ಕ್ಷಣದ ಚಿತ್ರ ಅದು. ಮೊದಲ ಸಲ ಸುಮ್ಮನೆ ನೋಡು ಎಂದರು. ಆಮೇಲೆ ಒಂದೊಂದು ಸಲಕ್ಕೂ ಒಂದೊಂದು ಪ್ರಶ್ನೆ: ಈ ಮನೆಯವರ ಹಣಕಾಸಿನ ಸ್ಥಿತಿ ಹೇಗಿದೆ? ಇವರ ವಯಸ್ಸೆಷ್ಟು? ಅವನು ಬರುವ ಮೊದಲು ಇವರೆಲ್ಲ ಏನು ಮಾಡುತ್ತಿದ್ದರು? ಯಾರು ಯಾವ ಬಟ್ಟೆ ತೊಟ್ಟಿದ್ದಾರೆ? ಯಾರು, ಯಾವ ವಸ್ತು ಎಲ್ಲಿದೆ? ಅವನು ಎಷ್ಟು ಕಾಲ ಮನೆಯಿಂದ ದೂರವಿದ್ದ?

ಏಳು ಸಲದ ಕಣ್ಣಿನ ದಾರಿಗಳೂ ಬೇರೆ ಬೇರೆ. ವಯಸ್ಸು ಕೇಳಿದಾಗ ಗೆರೆಗಳು ಮುಖಗಳ ಮೇಲೆ ಗುಂಪುಗೂಡಿದವು. ಬಟ್ಟೆ ಕೇಳಿದಾಗ ದೇಹಗಳುದ್ದಕ್ಕೂ ಮೇಲಿಂದ ಕೆಳಗೆ ಇಳಿದವು. ಎಷ್ಟು ಕಾಲ ದೂರವಿದ್ದ ಎಂದಾಗ ಕಣ್ಣು ಬಂದವನ ಮುಖಕ್ಕೂ ಮನೆಯವರ ಮುಖಗಳಿಗೂ ನಡುವೆ ಮತ್ತೆಮತ್ತೆ ಓಡಾಡಿತು. ಚಿತ್ರ ಅದೇ, ಕಣ್ಣು ಅದೇ, ಪ್ರಶ್ನೆ ಬೇರೆ. 1965ರಲ್ಲಿ ರಷ್ಯನ್ ಭಾಷೆಯಲ್ಲಿ, 1967ರಲ್ಲಿ ಇಂಗ್ಲಿಷಿನಲ್ಲಿ ಬಂದ ಯಾರ್ಬಸ್ ಅವರ ಪುಸ್ತಕದ ಆ ಪುಟವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ತೋರಿಸುತ್ತೇನೆ. ಒಬ್ಬನೇ ವ್ಯಕ್ತಿಯ ಮೇಲೆ ಮಾಡಿದ್ದು ಎಂಬ ಆಕ್ಷೇಪ ಇತ್ತು. ಈ ಶತಮಾನದಲ್ಲಿ ಹೆಚ್ಚು ಜನರ ಮೇಲೆ ಮತ್ತೆ ಮಾಡಿದಾಗಲೂ ಮುಖ್ಯ ಫಲಿತಾಂಶ ಉಳಿಯಿತು.

ನಾರ್ವೆಯ ಫೋಗ್ಟ್ ಮತ್ತು ಮ್ಯಾಗ್ನುಸೆನ್ 2007ರಲ್ಲಿ ಕಲಾ ವಿದ್ಯಾರ್ಥಿಗಳನ್ನೂ ಕಲೆ ಕಲಿಯದವರನ್ನೂ ಒಂದೇ ಚಿತ್ರಗಳ ಮುಂದೆ ಕೂರಿಸಿ ಕಣ್ಣಿನ ದಾರಿ ದಾಖಲಿಸಿದರು. ಕಲಿಯದವರ ಕಣ್ಣು ಮನುಷ್ಯರಿಗೆ, ವಸ್ತುಗಳಿಗೆ ಅಂಟಿಕೊಂಡಿತು. ಕಲಿತವರ ಕಣ್ಣು ಹಿನ್ನೆಲೆಗೆ, ಖಾಲಿ ಜಾಗಗಳಿಗೆ, ರಚನೆಯ ಗೆರೆಗಳಿಗೂ ಹೋಯಿತು; ಚಿತ್ರದ ವಿವರಗಳನ್ನು ಅವರು ಹೆಚ್ಚು ನೆನಪಿಟ್ಟುಕೊಂಡರು. ನೀವು ಕಲಿಸಬಹುದಾದದ್ದು ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ನನಗೆ ಕಂಡಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಎಸ್.ಎಲ್. ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವನ್ನು ತೆಗೆದುಕೊಳ್ಳಿ. ಅದನ್ನು ರವಿವರ್ಮನದೆಂದು ಹೇಳುವವರು ಇಂದಿಗೂ ಎಷ್ಟೋ ಜನ. ಕಲಾವಿದರ ಹೆಸರನ್ನು ಮೊದಲು ಸರಿಯಾಗಿ ಹೇಳಿಕೊಡಿ. ಕ್ಯಾಲೆಂಡರಿನಲ್ಲೋ ಮನೆಯ ಗೋಡೆಯ ಮೇಲೋ ಅದರ ಮುದ್ರಣವನ್ನು ಕಾಣದ ಮಗು ಕಡಿಮೆ, ನೋಡಿದ ಮಗುವೂ ಕಡಿಮೆ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಬೆಳಕು ಅವಳ ಮೈಮೇಲೆ ಎಲ್ಲೆಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ಕೇಳಿ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಬಣ್ಣ ಏಕೆ ಹಾಗಿದೆ ಎಂದು ಕೇಳಿ. ಅವಳು ನಡೆಯುತ್ತಿದ್ದಾಳೋ ನಿಂತಿದ್ದಾಳೋ, ಗಾಳಿ ಯಾವ ಕಡೆಯಿಂದ ಬರುತ್ತಿರಬಹುದು ಎಂದು ಕೇಳಿ. ಒಂದೊಂದು ಪ್ರಶ್ನೆಗೆ ಎರಡು ನಿಮಿಷ, ಯಾರೂ ಮಾತಾಡಬಾರದು, ಬರೆದುಕೊಳ್ಳಬಹುದು. ಬೆರಳುಗಳ ಪ್ರಶ್ನೆಗೆ ಒಬ್ಬ ಹುಡುಗ ಟಾರ್ಚಿನ ಮೇಲೆ ಅಂಗೈ ಇಟ್ಟದ್ದನ್ನು ನೆನಪಿಸಿಕೊಂಡರೆ, ಕಲಾವಿದ ಕಂಡದ್ದನ್ನು ಅವನೂ ಕಂಡಂತೆ.

ಎರಡು ನಿಮಿಷ ಬಹಳ ಕಡಿಮೆ ಎನಿಸಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಜೆಫ್ರಿ ಸ್ಮಿತ್ ಮತ್ತು ಲಿಸಾ ಸ್ಮಿತ್ ಆರು ಶ್ರೇಷ್ಠ ಕಲಾಕೃತಿಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆಂದು ಗಡಿಯಾರ ಹಿಡಿದು ನೋಡಿದರು. 2001ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಸರಾಸರಿ 27 ಸೆಕೆಂಡು; ಅರ್ಧದಷ್ಟು ನೋಟಗಳು 17 ಸೆಕೆಂಡು ಮೀರಲಿಲ್ಲ. 2017ರಲ್ಲಿ ಷಿಕಾಗೊದಲ್ಲಿ ಮತ್ತೆ ಅಳೆದಾಗಲೂ ಸರಾಸರಿ ಹೆಚ್ಚು ಬದಲಾಗಿರಲಿಲ್ಲ, ಆದರೆ ಚಿತ್ರದ ಜತೆ ಸೆಲ್ಫಿ ತೆಗೆದುಕೊಳ್ಳುವುದು ಹೊಸದಾಗಿ ಸೇರಿತ್ತು. ಕುಮಾರಕೃಪ ರಸ್ತೆಯ ಚಿತ್ರಸಂತೆಗೆ ಹೋಗಿಬಂದ ಯಾರಿಗಾದರೂ ಇದು ಅಚ್ಚರಿಯ ಸುದ್ದಿಯಲ್ಲ. ನಿಮ್ಮ ತರಗತಿಯ ಮಗು ಒಂದು ಚಿತ್ರದ ಮುಂದೆ ಎಂಟು ನಿಮಿಷ ಕಳೆದರೆ, ಅದು ದೂರದೂರುಗಳಿಂದ ಆ ಮ್ಯೂಸಿಯಮ್ಮಿಗೆ ಬಂದವರಿಗಿಂತ ಎಷ್ಟೋ ಪಟ್ಟು ಹೆಚ್ಚು ನೋಡಿದಂತೆ.

ತರಗತಿಯ ಗೋಡೆಯ ಬಗ್ಗೆಯೂ ಒಂದು ಮಾತು. ಕಂಡದ್ದನ್ನೇ ಮತ್ತೆಮತ್ತೆ ಕಂಡರೆ ಅದು ಹಿತವಾಗತೊಡಗುತ್ತದೆ ಎಂದು ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಕಟಿಂಗ್ ತಮ್ಮ ಪಾಠಗಳ ನಡುವೆ ಇಂಪ್ರೆಷನಿಸ್ಟ್ ಚಿತ್ರಗಳನ್ನು ಏನೂ ವಿವರಿಸದೆ ಎರಡೆರಡು ಸೆಕೆಂಡು ತೋರಿಸುತ್ತ ಹೋದರು. ಅಷ್ಟೇನೂ ಹೆಸರಾಗದ ಚಿತ್ರಗಳನ್ನು ಹೆಚ್ಚು ಸಲ ತೋರಿಸಿದರು. ಕೋರ್ಸಿನ ಕೊನೆಗೆ ಪ್ರಸಿದ್ಧ ಚಿತ್ರಗಳ ಮೇಲಿನ ಒಲವು ಕರಗಿತ್ತು. 2003ರ ಈ ಫಲಿತಾಂಶ ಓದಿದವರಿಗೆ, ಹಾಗಾದರೆ ಅಭಿರುಚಿ ಎಂಬುದೆಲ್ಲ ಬರೀ ರೂಢಿಯೇ ಎಂಬ ಚಿಂತೆ ಹತ್ತಿತು. ಬ್ರಿಟನ್ನಿನ ಲೀಡ್ಸ್‌ನಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗ ಅದಕ್ಕೆ ಒಂದು ಉತ್ತರ ಕೊಟ್ಟಿತು. ಅಮೆರಿಕದ ಜನಪ್ರಿಯ ಅಲಂಕಾರ ಚಿತ್ರಕಾರ ಥಾಮಸ್ ಕಿಂಕೇಡ್ ಅವರ ಚಿತ್ರಗಳನ್ನೂ ಹತ್ತೊಂಬತ್ತನೇ ಶತಮಾನದ ಜಾನ್ ಎವರೆಟ್ ಮಿಲೇ ಅವರ ಚಿತ್ರಗಳನ್ನೂ ಹೀಗೇ ಮತ್ತೆಮತ್ತೆ ತೋರಿಸಿದಾಗ, ಕಿಂಕೇಡ್ ಚಿತ್ರಗಳು ನೋಡುತ್ತ ನೋಡುತ್ತ ರುಚಿ ಕಳೆದುಕೊಂಡವು. ಮಿಲೇ ಚಿತ್ರಗಳಿಗೆ ಹಾಗಾಗಲಿಲ್ಲ. ಪದೇ ಪದೇ ನೋಡುವುದು ಒಲವನ್ನೂ ಬೆಳೆಸಬಲ್ಲದು, ಟೊಳ್ಳನ್ನೂ ಬಯಲಿಗೆಳೆಯಬಲ್ಲದು. ಕಾವ್ಯದ ಸಹೃದಯನ ಮನಸ್ಸು ಅಭ್ಯಾಸದಿಂದ ತಿಳಿಯಾಗುತ್ತದೆ ಎಂದು ಅಭಿನವಗುಪ್ತ ಹೇಳಿದ್ದು ಈ ಅರ್ಥದಲ್ಲಿ ನನಗೆ ನಿಜವೆನಿಸುತ್ತದೆ. ಆದ್ದರಿಂದ ವರ್ಷವಿಡೀ ಗೋಡೆಯ ಮೇಲೆ ತೂಗುವ ಚಾರ್ಟು ಯಾವುದು ಎಂಬುದನ್ನು ಸ್ಟೇಷನರಿ ಅಂಗಡಿಗೆ ಬಿಡಬೇಡಿ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಒಂದು, ನಿಮ್ಮೂರಿನ ಹಸೆ ಒಂದು, ತಿಂಗಳಿಗೊಮ್ಮೆ ಬದಲಿಸುವ ಮಕ್ಕಳದೇ ಚಿತ್ರ ಒಂದು ಇದ್ದರೂ ಸಾಕು.

ಹಾಗಾದರೆ ತೀರ್ಪು ಬೇಡವೇ? ಬೇಕು. ಆದರೆ ಎಲ್ಲರೂ ಒಂದೇ ತೀರ್ಪಿಗೆ ಬರಬೇಕು ಎಂಬ ನಿರೀಕ್ಷೆ ಬೇಡ. ಎಡ್ವರ್ಡ್ ವೆಸೆಲ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಮುಖಗಳು ಮತ್ತು ನಿಸರ್ಗದೃಶ್ಯಗಳ ವಿಷಯದಲ್ಲಿ ಜನರ ಅಭಿರುಚಿ ಸಾಕಷ್ಟು ಹೊಂದುತ್ತದೆ; ಕಲಾಕೃತಿ, ಕಟ್ಟಡಗಳ ವಿಷಯದಲ್ಲಿ ಅಷ್ಟು ಹೊಂದುವುದಿಲ್ಲ. ಎರಡು ತೆಂಗಿನ ಮರ, ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ: ಈ ದೃಶ್ಯವನ್ನು ಎಲ್ಲ ಮಕ್ಕಳೂ ಏಕೆ ಬಿಡಿಸುತ್ತಾರೆ, ಎಲ್ಲ ತೀರ್ಪುಗಾರರೂ ಏಕೆ ಬಹುಮಾನ ಕೊಡುತ್ತಾರೆ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ. ಒಪ್ಪಿಗೆ ಸುಲಭವಾಗಿ ಸಿಗುವ ಕಡೆಗೇ ಬಹುಮಾನ ಹರಿಯುತ್ತದೆ. ಅದರಾಚೆಗೆ ಕೈಚಾಚಿದ ಮಗು ಪ್ರತಿಸಲವೂ ಬರಿಗೈಯಲ್ಲಿ ಮನೆಗೆ ಹೋಗುತ್ತದೆ.

ಅದೇ ವೇಳೆ ಅಭಿರುಚಿಗೆ ನೆಲೆಯೇ ಇಲ್ಲ ಎಂಬ ಮಾತೂ ಸುಳ್ಳು. ಇದನ್ನು ನನ್ನ ಮಗುವೂ ಬಿಡಿಸುತ್ತದೆ ಎಂದು ಅಮೂರ್ತ ಚಿತ್ರಗಳನ್ನು ತಳ್ಳಿಹಾಕುವುದನ್ನು ಕೇಳಿದ್ದೀರಿ. ಬಾಸ್ಟನ್ ಕಾಲೇಜಿನ ಏಂಜಲಿನಾ ಹಾಲಿ-ಡೋಲನ್ ಮತ್ತು ಎಲೆನ್ ವಿನ್ನರ್ 2011ರಲ್ಲಿ ಹೆಸರಾಂತ ಅಮೂರ್ತ ಕಲಾವಿದರ ಚಿತ್ರಗಳನ್ನು ಮಕ್ಕಳ ಮತ್ತು ಪ್ರಾಣಿಗಳ ಚಿತ್ರಗಳ ಜತೆ ಜೋಡಿಯಾಗಿ ತೋರಿಸಿದರು. ಕೆಲವು ಜೋಡಿಗಳಲ್ಲಿ ಹೆಸರಿನ ಚೀಟಿಗಳನ್ನು ಬೇಕೆಂದೇ ಅದಲುಬದಲು ಮಾಡಿದರು. ಆಗಲೂ ನೋಡುಗರು, ಕಲೆ ಕಲಿಯದವರೂ ಸೇರಿ, ಬರೀ ಅದೃಷ್ಟದಿಂದ ಆಗುವುದಕ್ಕಿಂತ ಹೆಚ್ಚು ಸಲ ಕಲಾವಿದರ ಚಿತ್ರವನ್ನೇ ಮೇಲೆಂದು ಆರಿಸಿದರು. ಚೀಟಿಯ ಪ್ರಭಾವ ಇಲ್ಲವೆಂದಲ್ಲ. 2009ರಲ್ಲಿ ಉಲ್ರಿಕ್ ಕಿರ್ಕ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಗ್ಯಾಲರಿಯದು ಎಂದು ಹೇಳಿದ ಚಿತ್ರಗಳಿಗೆ, ಕಂಪ್ಯೂಟರ್ ಮಾಡಿದ್ದು ಎಂದು ಹೇಳಿದವಕ್ಕಿಂತ ಹೆಚ್ಚು ಮೆಚ್ಚುಗೆ ಸಿಕ್ಕಿತು. ಆದರೆ ಚೀಟಿಯನ್ನು ದಾಟಿ ನೋಡುವ ಶಕ್ತಿ ಸಾಮಾನ್ಯರಲ್ಲೂ ಇದೆ. ಬೆಳೆಸಲು ಅಲ್ಲಿ ಏನೋ ಇದೆ ಎಂಬ ಭರವಸೆ ನನಗೆ ಈ ಪ್ರಯೋಗದಿಂದ ಸಿಗುತ್ತದೆ.

ಕೊನೆಯದಾಗಿ ಒಂದು ನಿರ್ದಿಷ್ಟ ಬೇಡಿಕೆ. ಲೋವರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಲ್ಲಿ ಕೈಯ ಕೌಶಲಕ್ಕೆ ಅಂಕವಿದೆ. ಅದರ ಜತೆಗೆ ನೋಟಕ್ಕೂ ಒಂದಿಷ್ಟು ಅಂಕ ಸೇರಿಸಿ ಎಂದು ನಿಮ್ಮ ಸಂಘಗಳ ಮೂಲಕ ಕೇಳಿ. ಒಂದು ಚಿತ್ರದ ಒಳ್ಳೆಯ ಮುದ್ರಣ ಕೊಟ್ಟು, ಹದಿನೈದು ನಿಮಿಷ ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ಬೆಳಕು ಎಲ್ಲಿಂದ ಬಂದಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎರಡನೇ ಸಲ ನೋಡಿದಾಗ ಹೊಸದಾಗಿ ಏನು ಕಂಡಿತು. ಇಷ್ಟವಾಯಿತೋ ಇಲ್ಲವೋ ಎಂಬುದನ್ನೂ ಬರೆಯಲಿ, ಆದರೆ ಕೊನೆಯ ಸಾಲಿನಲ್ಲಿ. ಆ ಸಾಲಿಗೆ ಅಂಕವಿರಬಾರದು, ಅದರ ಹಿಂದಿನ ಸಾಲುಗಳಿಗೆ ಇರಬೇಕು. ಮೌಲ್ಯಮಾಪನದ ಮಾದರಿಯನ್ನು ಸಿದ್ಧಪಡಿಸಲು ಮನಶ್ಶಾಸ್ತ್ರದ ಕಡೆಯಿಂದ ಯಾರಾದರೂ ಬೇಕಿದ್ದರೆ ನನ್ನಂಥವರು ಹಲವು ಕಾಲೇಜುಗಳಲ್ಲಿ ಇದ್ದೇವೆ. ಕರೆದರೆ ಬರುತ್ತೇವೆ, ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನಿಮ್ಮಿಂದ ಕಲಿಯಲೂ ಸಿದ್ಧರಿದ್ದೇವೆ.

ಆದರ ವಿಶ್ವಾಸಗಳೊಂದಿಗೆ,
ಮನಶ್ಶಾಸ್ತ್ರದ ಉಪನ್ಯಾಸಕಿ